ಸುಳ್ಳು ಫೋನು, ನಿಜ ಫೆರಿ

ಫೋನಿಗೂ ಕಂಪ್ಯೂಟರಿಗೂ ಸಂಬಂಧ ಕೂಡಿಸುವುದು ನನ್ನ ಕೆಲಸ. ಗಂಡು-ಹೆಣ್ಣಿನ ಸಂಬಂಧವಾದರೂ ನಾಲ್ಕು ಸಲ ಚಾ ಕುಡಿದರೆ ಕೂಡಿ ಬರುತ್ತದೆ, ಇದು ಬರುವುದಿಲ್ಲ ಮಾರಾಯ್ರೆ. ದಿನಕ್ಕೊಂದು ರಗಳೆ ಇದ್ದದ್ದೇ.

ನಮ್ಮದು ಬಂದರಿನಲ್ಲಿ ಒಂದು ಗೋದಾಮಿನ ಮಾಳಿಗೆಯ ಮೇಲಿನ ಪುಟ್ಟ ಆಫೀಸು. ಬಾಸ್, ಲೆಕ್ಕ ನೋಡುವ ಆಂಟಿ, ನಾನು, ಮತ್ತೆ ಕೆಳಗಿನಿಂದ ಬರುವ ಒಣಮೀನಿನ ವಾಸನೆ. ಹೊಳೆಯಾಚೆಯ ಬೆಂಗ್ರೆಗೆ ಜನರನ್ನು ದಾಟಿಸುವ ಫೆರಿ ಬೋಟು ಈಗ ನದಿಯ ಯಾವ ಬದಿಯಲ್ಲಿ ಉಂಟು ಎಂದು ತೋರಿಸುವ ಆ್ಯಪ್ ಮಾಡುತ್ತಿದ್ದೆವು. ನಾವು ಕೋಡ್ ಬರೆಯುವ ಸಾಫ್ಟ್‌ವೇರಿಗೋ, ಫೋನ್ ಎಂದರೆ ಎಂತ ಎಂದೇ ಗೊತ್ತಿಲ್ಲ. ಅದಕ್ಕೆ ಫೋನಿನ ಪರಿಚಯ ಮಾಡಿಸುವುದು ನನ್ನ ತಲೆಗೆ ಬಿತ್ತು.

"ಶನಿವಾರ ಫೆರಿಯ ಯಜಮಾನರು ಬರ್ತಾರೆ," ಎಂದರು ಬಾಸ್. "ಅವರ ಎದುರು ನಿಜ ಫೋನಿನಲ್ಲಿ ಆ್ಯಪ್ ಓಡದಿದ್ದರೆ ಕೆಲಸ ಸುರತ್ಕಲ್‌ನ ಕಂಪೆನಿಯವರಿಗೆ. ನಮಗೆ ಬೇರೆ ಕೆಲಸ ಇಲ್ಲ. ಮತ್ತೆ ಕೆಳಗೆ ಹೋಗಿ ಒಣಮೀನು ಕಟ್ಟುವುದೇ."

ನಂಬಿಕೆ

ಮೊದಲು ಆಂಟಿಯ ಫೋನನ್ನು ವಯರಿನಲ್ಲಿ ಸಿಕ್ಕಿಸಿದೆ. "ಈ ಕಂಪ್ಯೂಟರನ್ನು ನಂಬುತ್ತೀರಾ?" ಎಂದು ಫೋನ್ ಕೇಳಿತು. ಆಂಟಿ ತಟ್ಟನೆ "ಇಲ್ಲ" ಒತ್ತಿದರು. ಮತ್ತೆ ಸಿಕ್ಕಿಸಿದೆ, ಮತ್ತೆ "ಇಲ್ಲ".

"ಆಂಟಿ, ಎಂತ ಮಾಡ್ತೀರಿ?"

"ದುಬೈಯಿಂದ ಮಗ ಹೇಳಿದ್ದಾನೆ, ಫೋನಿನಲ್ಲಿ ಎಂತ ಕೇಳಿದರೂ ನೋ ಒತ್ತಬೇಕು ಅಂತ."

"ಇದು ನಮ್ಮ ಆಫೀಸಿನದೇ ಕಂಪ್ಯೂಟರ್ ಅಲ್ವಾ?"

ಆಂಟಿ ಕನ್ನಡಕ ಸರಿಮಾಡಿಕೊಂಡು ಕಂಪ್ಯೂಟರನ್ನು ನೋಡಿದರು, ನನ್ನನ್ನೂ ನೋಡಿದರು. ಕೊನೆಗೆ "ಹೌದು" ಒತ್ತಿ ಆ್ಯಪ್ ಇಳಿಸಲು ಬಿಟ್ಟರು. "ಕಂಪ್ಯೂಟರನ್ನು ನಂಬ್ತೇನೆ ಮಗಾ. ನಿನ್ನ ವಿಷಯ ಅದು ಕೇಳಲಿಲ್ಲ, ಪುಣ್ಯ!"

ಸುಳ್ಳು ಫೋನ್

ಕಂಪ್ಯೂಟರಿನ ಪರದೆಯೊಳಗೇ ಫೋನಿನ ಹಾಗೆ ನಟಿಸುವ ಒಂದು ಸಿಮ್ಯುಲೇಟರ್ ಇರುತ್ತದೆ. ಬಾಸ್ ಅದಕ್ಕೆ "ಸುಳ್ಳು ಫೋನ್" ಎಂದು ಹೆಸರಿಟ್ಟರು. ನಾನೂ ಮನೆಯಲ್ಲಿ ಹಾಗೇ ಹೇಳಿದೆ. ಅಮ್ಮ ಪಕ್ಕದ ಮನೆಯ ಮಾವನಿಗೆ ಹೆಮ್ಮೆಯಿಂದ, "ನಮ್ಮವನಿಗೆ ಈಗ ಆಫೀಸಿನಲ್ಲಿ ಸುಳ್ಳು ಫೋನಿನದ್ದೇ ಕೆಲಸ" ಎಂದುಬಿಟ್ಟರು.

ಮಾವನಿಗೆ ಆ ವಾರವಷ್ಟೇ ಯಾರೋ ಬ್ಯಾಂಕಿನವರ ಹೆಸರಿನಲ್ಲಿ ಫೋನ್ ಮಾಡಿ ಒಟಿಪಿ ಕೇಳಿದ್ದರಂತೆ. ಸಂಜೆ ಗೇಟಿನಲ್ಲೇ ನನ್ನನ್ನು ನಿಲ್ಲಿಸಿದರು. "ಅದು ನೀನೇಯಾ? ಚಡ್ಡಿ ಹಾಕುವಾಗಿಂದ ನೋಡಿದವನಲ್ವಾ ನಾನು! ಒಟಿಪಿ ಬೇಕಿದ್ದರೆ ಮನೆಗೆ ಬಂದು ಕೇಳಬಾರದಾ?"

ಶನಿವಾರ

ಯಜಮಾನರು ಬಂದರು. ಬೆಂಗ್ರೆ ಫೆರಿಯನ್ನು ಓಡಿಸುವವರೂ ಅವರೇ. ಅವರ ಫೋನಿಗೆ ಆ್ಯಪ್ ಹಾಕುವುದು, ಆ ಫೋನ್ ಎಲ್ಲಿದೆಯೋ ಅಲ್ಲಿ ಫೆರಿ ಉಂಟು ಎಂದು ಲೆಕ್ಕ. ವಯರು ಸಿಕ್ಕಿಸಿದಾಗ ಅವರ ಫೋನೂ ಅದೇ ಪ್ರಶ್ನೆ ಕೇಳಿತು.

"ನಂಬಬಹುದಾ?" ಎಂದು ಅವರು ಆಂಟಿಯನ್ನು ಕೇಳಿದರು.

"ಕಂಪ್ಯೂಟರನ್ನು ನಂಬಬಹುದು," ಎಂದರು ಆಂಟಿ.

ಆ್ಯಪ್ ಆಮೆಯ ಹಾಗೆ ಇಳಿಯುತ್ತಿತ್ತು. ಬಾಸ್ ಬೆವರು ಒರೆಸಿಕೊಳ್ಳುತ್ತಿದ್ದರು. ಅಷ್ಟು ಹೊತ್ತು ಸುಮ್ಮನೆ ಯಾಕೆ ಕೂರಿಸುವುದು ಎಂದು ನಾನು ಸುಳ್ಳು ಫೋನಿನಲ್ಲಿ ಒಂದು ಸುಳ್ಳು ಫೆರಿಯನ್ನು ಓಡಿಸಿ ತೋರಿಸಿದೆ.

"ಇದು ಯಾವ ಫೆರಿ?"

"ನಿಮ್ಮದೇ. ನೋಡಿ, ಹೊಳೆ ದಾಟ್ತಾ ಉಂಟು!"

ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ ದೇವರೇ! ಕೀ ನನ್ನ ಕಿಸೆಯಲ್ಲಿ ಉಂಟು, ಓಡಿಸುವುದು ಯಾರು?" ಎಂದವರೇ ಫೋನನ್ನು ವಯರಿನಿಂದ ಕಿತ್ತುಕೊಂಡು ಮೆಟ್ಟಿಲಿಳಿದು ಓಡಿದರು. ಕರೆದರೆ ತಿರುಗಿ ನೋಡಲಿಲ್ಲ.

ಬಾಸ್ ತಲೆಗೆ ಕೈ ಇಟ್ಟು ಕೂತರು. ನನಗೆ ಅಳುವೇ ಬಂತು. ಸುಳ್ಳು ಫೋನನ್ನು ಮುಚ್ಚಿದೆ. ಆಗ ಆಂಟಿ ತಮ್ಮ ಫೋನಿನಲ್ಲಿದ್ದ ಆ್ಯಪ್ ನೋಡಿ ಕೂಗಿದರು, "ಇಲ್ಲಿ ನೋಡಿ, ಫೆರಿ ರಸ್ತೆಯಲ್ಲಿ ಓಡ್ತಾ ಉಂಟು!"

ಹೌದು! ವಯರು ಕೀಳುವ ಮೊದಲೇ ಯಜಮಾನರ ಫೋನಿಗೆ ಆ್ಯಪ್ ಇಳಿದು ಮುಗಿದಿತ್ತು. ಪರದೆಯಲ್ಲಿ ಬೆಂಗ್ರೆಯ ಫೆರಿ ಮೀನು ಮಾರ್ಕೆಟಿನ ನಡುವೆ ನುಗ್ಗಿ, ಬೋಟು ಕಟ್ಟುವ ದಕ್ಕೆಗೆ ಹೋಗಿ ಸ್ವಲ್ಪ ನಿಂತು, ನಿಧಾನವಾಗಿ ವಾಪಸು ಹೊರಟು, ಒಂದು ಓಣಿಯೊಳಗೆ ಹೊಕ್ಕು ನಿಂತೇಬಿಟ್ಟಿತು. ಬಾಸ್ ಕೂಡಲೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ನನ್ನ ಬೋಟು ಕಟ್ಟಿದಲ್ಲೇ ಉಂಟು," ಯಜಮಾನರ ಸ್ವರ ಬಿಸಿಯಾಗಿತ್ತು. "ನಿಮ್ಮದೆಲ್ಲ ಸುಳ್ಳು! ಅಷ್ಟು ಗೊತ್ತಿದ್ದರೆ ಹೇಳಿ, ಈಗ ಎಲ್ಲಿ ಉಂಟು ನಿಮ್ಮ ಫೆರಿ?"

ಆಂಟಿ ಪರದೆಗೆ ಮೂಗು ತಾಗಿಸಿ ನೋಡಿದರು. "ಓಣಿಯ ಚಾ ಹೋಟೆಲಿನೊಳಗೆ."

ಆ ಬದಿಯಿಂದ ಏನೋ ಅಗಿಯುವ ಸದ್ದು ಕೇಳುತ್ತಿತ್ತು. ಅದು ತಟ್ಟನೆ ನಿಂತಿತು.

"ಸರಿಯಾಗಿಯೇ ಉಂಟು," ಎಂದರು ಯಜಮಾನರು ಮೆಲ್ಲಗೆ. "ಕೆಲಸ ನಿಮಗೇ. ಆದರೆ ನಮ್ಮ ಮನೆಯವಳ ಫೋನಿಗೆ ಮಾತ್ರ ಇದನ್ನು ಹಾಕಬೇಡಿ ಮಾರಾಯ್ರೆ, ನನಗೆ ಶುಗರ್ ಉಂಟು, ತಿನ್ನುತ್ತಾ ಇರುವುದು ಬಾಳೆಹಣ್ಣಿನ ಸಿಹಿ ಬನ್ಸ್."