ಬಿದ್ದವರ ಮೇಲೆ ಇನ್ನೆರಡು ಕ್ಷಣ

ಟಿವಿಯ ಮುಂದೆ ಕೂತಾಗ ನನ್ನಷ್ಟು ನ್ಯಾಯವಂತ ಇನ್ನೊಬ್ಬನಿಲ್ಲ. ಬೇರೆ ಹೊತ್ತಿನ ಬಗ್ಗೆ ಖಾತರಿ ಕೊಡಲಾರೆ. ನಾವಿರುವುದು ಡಚ್ಚರ ಊರು ಯುಟ್ರೆಕ್ಟಿನಲ್ಲಿ. ಪಕ್ಕದ ಮನೆಯ ಇಂಗ್ಲೆಂಡಿನವನು ಹಚ್ಚಿದ ಚಟದಿಂದ ಶನಿವಾರ ಮಧ್ಯಾಹ್ನ ವೃತ್ತಿಪರ ರಗ್ಬಿ ಲೀಗ್ ಪಂದ್ಯ ನೋಡುತ್ತೇನೆ. ಮೊಣಕೈಯಲ್ಲಿ ತಿವಿಯುವುದು, ಏನೂ ಆಗದೆ ಮುಖ ಹಿಡಿದುಕೊಂಡು ಮಲಗುವುದು, ಎಲ್ಲ ಉಂಟು ಅದರಲ್ಲಿ. ಆದರೆ ನನ್ನ ಪಿತ್ತ ನೆತ್ತಿಗೇರಿಸುವುದು ಬಹಳ ಸಭ್ಯವಾಗಿ ಕಾಣುವ ಒಂದು ಮೋಸ. ಚೆಂಡು ಹಿಡಿದು ಓಡುವವನನ್ನು ಕೆಡವಿದ ಮೇಲೆ ಬಿಟ್ಟು ಏಳಬೇಕು. ಅವನು ಎದ್ದು ಆಟ ಮುಂದುವರಿಸಬೇಕು. ಕೆಡವಿದ ಇವರು ಏಳುವುದಿಲ್ಲ. ಕಾಲು ಸಿಕ್ಕಿಕೊಂಡಿದೆ ಎಂಬಂತೆ ಮುಗ್ಧ ಮುಖ ಮಾಡಿಕೊಂಡು ಇನ್ನೆರಡು ಕ್ಷಣ ಅವನ ಮೇಲೇ ಬಿದ್ದಿರುತ್ತಾರೆ. ಅಷ್ಟರಲ್ಲಿ ಇವರ ಕಡೆಯವರು ಸಾಲಾಗಿ ನಿಂತು ದಾರಿ ಮುಚ್ಚಿರುತ್ತಾರೆ. ರೆಫರಿಗೆ ಕಂಡು ಸಿಟ್ಟು ಬಂದರೆ ಹತ್ತು ನಿಮಿಷ ಮೈದಾನದ ಹೊರಗೆ. ಕಾಣದಿದ್ದರೆ ಅದೇ ಜಾಣತನ.

"ಏಳೋ ಕಳ್ಳ!" ಎಂದು ನಾನು ಕೂಗಿದರೆ, ಹುಬ್ಬಳ್ಳಿಯವಳಾದ ಹೆಂಡತಿ ಶೈಲಾ, "ಮೊದಲ ನೀವು ಸೋಫಾ ಬಿಟ್ಟು ಏಳ್ರಿ," ಎನ್ನುತ್ತಾಳೆ.

ಹೂಫ್‌ಡಾರ್ಪಿನ ನಮ್ಮ ಆಫೀಸಿನಲ್ಲಿ ಸವಿತಾ ಎಂಬ ಮೈಸೂರಿನ ಎಂಜಿನಿಯರ್ ಇದ್ದಾಳೆ. ನಾನು ಆರು ವರ್ಷ ತಿದ್ದಿ ತೀಡಿದ ತಂತ್ರಾಂಶವನ್ನು ಕಿತ್ತುಹಾಕಿ ಹೊಸದು ತರುವ ಯೋಜನೆ ಅವಳದು. ಈ ತಿಂಗಳು ಒಪ್ಪಿಗೆ ಸಿಕ್ಕರೆ ಅದರ ಮುಖ್ಯಸ್ಥೆ ಅವಳೇ. ಸಿಗದಿದ್ದರೆ ಕೆಲಸ ಬೇರೆ ತಂಡದ ಪಾಲು. ಯೋಜನೆ ಚೆನ್ನಾಗಿತ್ತು. ಅದೇ ನನ್ನ ಸಂಕಟ.

ಡಚ್ಚರ ಮೀಟಿಂಗ್ ಹನ್ನೊಂದಕ್ಕೆಂದರೆ ಹನ್ನೊಂದಕ್ಕೇ ಮುಗಿಯುತ್ತದೆ. ಮಾತು ಅರ್ಧದಲ್ಲಿದ್ದರೂ ಎದ್ದು ಹೋಗುತ್ತಾರೆ. ಸವಿತಾಳ ಯೋಜನೆ ತೀರ್ಮಾನವಾಗಬೇಕಿದ್ದ ಆ ಮಂಗಳವಾರ ಹತ್ತೂಮುಕ್ಕಾಲಿಗೆ ನಾನು, "ಒಂದು ಸಣ್ಣ ಡೌಟ್," ಎಂದೆ. ಆ ಡೌಟಿಗೆ ಮಕ್ಕಳಾದವು, ಮೊಮ್ಮಕ್ಕಳಾದವು. ಪಾಪ, ಸವಿತಾ ಒಂದೊಂದಕ್ಕೂ ಉತ್ತರ ಹೇಳುತ್ತಲೇ ಇದ್ದಳು. ಹನ್ನೊಂದಾಯಿತು. ಮ್ಯಾನೇಜರ್ ಮಾರೈಕೆ ಲ್ಯಾಪ್‌ಟಾಪ್ ಮುಚ್ಚಿ, "ಇನ್ನು ಮುಂದಿನ ತಿಂಗಳು," ಎಂದಳು.

ಸವಿತಾ ನನ್ನ ಹಿಂದೆಯೇ ಹೊರಗೆ ಬಂದಳು. ಬೈಸಿಕೊಳ್ಳಲು ಸಿದ್ಧನಾದೆ.

"ಥ್ಯಾಂಕ್ಸ್ ಸರ್. ಬೇರೆ ಯಾರೂ ಡಾಕ್ಯುಮೆಂಟ್ ಪೂರ್ತಿ ಓದೇ ಇಲ್ಲ. ಸೀರಿಯಸ್ಸಾಗಿ ತಗೊಂಡಿದ್ದು ನೀವೊಬ್ರೇ," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆ ಶನಿವಾರದ ಪಂದ್ಯದಲ್ಲಿ ಒಬ್ಬ ದಡಿಯ ಬಿದ್ದವನ ಮೇಲೆ ಆರಾಮಾಗಿ ಮಲಗಿದ. ನಾನು ಕೂಗಲಿಲ್ಲ.

"ಯಾಕ್ರೀ, ಆರಾಮ ಇಲ್ಲೇನು?" ಎಂದಳು ಶೈಲಾ. ಎಲ್ಲ ಹೇಳಿದೆ. ಅವಳು ರಿಮೋಟು ತೆಗೆದುಕೊಂಡು ಟಿವಿ ಆರಿಸಿ, "ಕಳ್ಳನ್ನ ಇನ್ನ ಅದರಾಗ ಹುಡುಕೂದು ಬ್ಯಾಡ," ಎಂದಳು.

ಸೋಮವಾರ ಮಾರೈಕೆಯ ಬಳಿ ಹೋಗಿ, ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಮೊದಲೇ ಗೊತ್ತಿತ್ತು, ಸುಮ್ಮನೆ ಸಮಯ ತಿಂದೆ ಎಂದು ಒಪ್ಪಿಕೊಂಡೆ. "ನನಗೂ ಹಾಗೇ ಅನಿಸಿತ್ತು," ಎಂದಳು. ಇಲ್ಲಿಯವರಿಗೆ ದಾಕ್ಷಿಣ್ಯ ಕಡಿಮೆ. ಗುರುವಾರಕ್ಕೆ ಮತ್ತೊಂದು ಮೀಟಿಂಗ್ ಇಟ್ಟಳು. "ನೀನಿಲ್ಲದಿದ್ದರೆ ಹತ್ತು ನಿಮಿಷ ಸಾಕು. ಹೊರಗಿರು."

ಗುರುವಾರ ಕಾಫಿ ಯಂತ್ರದ ಪಕ್ಕದ ಕುರ್ಚಿಯಲ್ಲಿ ಸರಿಯಾಗಿ ಹತ್ತು ನಿಮಿಷ ಕೂತೆ. ಗಾಜಿನಾಚೆ ಸವಿತಾ ಮಾತಾಡುತ್ತಿದ್ದಳು, ಉಳಿದವರು ತಲೆಯಾಡಿಸುತ್ತಿದ್ದರು. ಬಾಗಿಲು ತೆರೆದದ್ದೇ ಓಡಿಬಂದಳು. "ಸರ್, ಒಪ್ಪಿದ್ರು! ನೀವೂ ಒಳಗಿರ್ಬೇಕಿತ್ತು."

"ಇಲ್ಲಮ್ಮ, ನಾನು ಒಳಗಿದ್ದಿದ್ರೆ ಒಪ್ತಿರ್ಲಿಲ್ಲ," ಎಂದೆ.

ಅದನ್ನು ನನ್ನ ವಿನಯವೆಂದು ತಿಳಿದು ಅವಳು ನಕ್ಕಳು. ತಿದ್ದಲು ಹೋಗದೆ ನಾನೂ ನಕ್ಕೆ. ಈ ಸಲ ರೆಫರಿ ನೋಡಲಿಲ್ಲ.