ದಾಸವಾಳಕ್ಕೆ ತೋಡಿದ ಬಸಿಗಾಲುವೆ

ಗಿಡಕ್ಕೆ ನೀರು ಹಾಕಲು ಎಂಥ ಬುದ್ಧಿ ಬೇಕು ಎಂದು ಕೇಳುವವರಲ್ಲಿ ನಾನೂ ಒಬ್ಬನಾಗಿದ್ದೆ. ಮಳೆ ಬಿಡದ ಮಲೆನಾಡಿನ ಕೊಪ್ಪದಲ್ಲಿ ಹುಟ್ಟಿ ಬೆಳೆದವನಿಗೆ ನೀರು ಹಾಕುವ ಅಭ್ಯಾಸವೇ ಇರುವುದಿಲ್ಲ ನೋಡಿ. ಬಿದ್ದ ನೀರನ್ನು ಅಂಗಳದಿಂದಾಚೆ ಓಡಿಸುವುದರಲ್ಲೇ ಅರ್ಧ ಆಯುಷ್ಯ ಕಳೆದಿರುತ್ತದೆ. ಯಾವ ಗಿಡ ಸೊರಗಿದರೂ ಬುಡದಲ್ಲಿ ನೀರು ನಿಂತಿದೆ, ಬಸಿಗಾಲುವೆ ತೋಡು ಎನ್ನುವುದೇ ನಮ್ಮ ಮನೆಮದ್ದು. ನನ್ನಪ್ಪ ಕುಂಡದಲ್ಲಿದ್ದ ತುಳಸಿಗೂ ಅದೇ ಔಷಧಿ ಹೇಳಿದ್ದರು.

ಒಂದು ವರ್ಷ ಹೆಂಡತಿ ಲಲಿತ ತಂಗಿಯ ಬಾಣಂತನಕ್ಕೆಂದು ತವರೂರು ಕಮ್ಮರಡಿಗೆ ಹೋದಳು. ಹೋಗುವಾಗ ಗ್ಯಾಸು, ಹಾಲು, ಬೀಗ ಯಾವುದರ ಮಾತನ್ನೂ ಎತ್ತದೆ, ಅಂಗಳದ ಬಿಳಿ ದಾಸವಾಳವನ್ನು ಮಾತ್ರ ನೋಡಿಕೊಳ್ಳಿ ಎಂದಳು. ತೀರಿಹೋದ ಅವಳಮ್ಮ ಕೈಯಾರೆ ಮುರಿದು ಕೊಟ್ಟ ಗೆಲ್ಲು ನೆಟ್ಟು ಬೆಳೆಸಿದ ಗಿಡ ಅದು. ತವರಿನ ಮೂಲ ಗಿಡ ಮನೆ ರಿಪೇರಿಯ ಗಲಾಟೆಯಲ್ಲಿ ಹೋಗಿತ್ತು. ಇದೂ ಹೋದರೆ ಮತ್ತೊಂದಿಲ್ಲ.

ಊರಿಗೆಲ್ಲ ಮೊಬೈಲು ಬಂದು, ನನ್ನ ವಾಚ್ ರಿಪೇರಿ ಅಂಗಡಿಯಲ್ಲಿ ಪುರುಸೊತ್ತು ಧಾರಾಳವಾಗಿದ್ದ ಕಾಲ. ಮಾರ್ಚ್ ಬಿಸಿಲಿಗೆ ದಾಸವಾಳ ಎಲೆ ಉದುರಿಸತೊಡಗಿದಾಗ ಗುದ್ದಲಿ ತಂದು ಬುಡದಿಂದ ಬೇಲಿಯವರೆಗೆ ಚೊಕ್ಕವಾದ ಕಾಲುವೆ ತೋಡಿದೆ. ಆಮೇಲೆ, ಬಿಸಿಲೂ ಇದೆಯಲ್ಲ ಎಂದು, ದಿನಾ ಕೊಡಗಟ್ಟಲೆ ನೀರೂ ಹೊಯ್ದೆ. ಒಂದು ಹನಿಯೂ ನಿಲ್ಲದೆ ಹರಿದುಹೋಗುವುದನ್ನು ಕಂಡು, ಕಾಲುವೆ ಎಷ್ಟು ಚೆನ್ನಾಗಿ ಬಂದಿದೆ ಎಂದು ಹಿಗ್ಗಿದೆ ಕೂಡ. ಗಿಡ ಮಾತ್ರ ಒಣಗುತ್ತಲೇ ಹೋಯಿತು. ಬೇಲಿಯಾಚೆ ಸುಮಿತ್ರಕ್ಕನ ಮನೆಯ ಕನಕಾಂಬರ ಆ ಬೇಸಿಗೆಯಲ್ಲೂ ಗಿಡ ತುಂಬ ಹೂ ಬಿಟ್ಟಿತ್ತು. ಅವರ ಕೈಗುಣವೇ ಕೈಗುಣ ಎಂದು ಹೊಟ್ಟೆ ಉರಿಸಿಕೊಂಡೆ. ಲಲಿತ ಫೋನು ಮಾಡಿ ಗಿಡ ಹೇಗಿದೆ ಎಂದರೆ, ಇದೆ ಎನ್ನುತ್ತಿದ್ದೆ. ಸುಳ್ಳಲ್ಲವಲ್ಲ.

ಬಾಣಂತನ ಮುಗಿಸಿ ಬಂದವಳು ಬ್ಯಾಗೂ ಇಳಿಸದೆ ಗಿಡದ ಮುಂದೆ ಕೂತಳು. ಬೈದಿದ್ದರೆ ಚೆನ್ನಾಗಿತ್ತು, ಅವಳು ಕಾಂಡವನ್ನು ಉಗುರಿನಿಂದ ಕೆರೆದು ನೋಡಿದಳು. ಒಳಗೆ ತುಸು ಹಸಿರಿತ್ತು. ನನಗೆ ಹೋದ ಜೀವ ಬಂತು. ಆಮೇಲೆ ಅವಳ ಕಣ್ಣು ಕಾಲುವೆಯ ಜಾಡು ಹಿಡಿದು ನಿಧಾನವಾಗಿ ಕನಕಾಂಬರದವರೆಗೂ ಹೋಯಿತು.

"ಎಂತ ಮಾರಾಯ್ರೆ, ಇಷ್ಟು ದಿನ ನೀವು ನೀರು ಹಾಕಿದ್ದು ಯಾರ ಗಿಡಕ್ಕೆ?"

ಕಾಲುವೆ ಮುಚ್ಚಿಸಿದಳು. ಒಣಗಿದ ಗೆಲ್ಲು ಕತ್ತರಿಸಿ, ಬುಡಕ್ಕೆ ಪಾತಿ ಕಟ್ಟಿ, ನನ್ನ ಕೈಯಲ್ಲೇ ತರಗೆಲೆ ಹೊರಿಸಿ ಹೊದಿಸಿದಳು. ಸಂಜೆ ಸಂಜೆ ನಿಧಾನವಾಗಿ ನೀರು. ಕೊನೆಗೊಂದು ಬೆಳಿಗ್ಗೆ ಸಾಸಿವೆ ಗಾತ್ರದ ಚಿಗುರು ಕಂಡಿತು. ಲಲಿತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ಸಂತೋಷಕ್ಕೆ ನಾನು ಅರ್ಧ ದಿನ ಅಂಗಡಿ ಮುಚ್ಚಿದೆ. ಯಾರಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಸುಮಿತ್ರಕ್ಕ ಬೇಲಿಯ ಹತ್ತಿರ ಬಂದು, ಕನಕಾಂಬರ ಇದ್ದಕ್ಕಿದ್ದಂತೆ ಸೊರಗಿದೆ ಎಂದು ಬೇಸರಪಟ್ಟರು. "ಬುಡದಲ್ಲಿ ನೀರು ನಿಂತಿರ್ಬೇಕು. ನಮ್ಮನೆಯವ್ರು ಕಾಲುವೆ ತೋಡ್ತಾರಂತೆ, ನಿಮ್ಮ ಗುದ್ದಲಿ ಕೊಡಿ."

ತೋಡಬೇಡಿ ಎನ್ನಬಹುದಿತ್ತು. ಯಾಕೆ ಎಂದು ಕೇಳಿದರೆ? ಗುದ್ದಲಿಯ ಹಿಡಿ ಮುರಿದಿದೆ ಎಂದೆ. ಆ ವರ್ಷ ಮಳೆ ಹಿಡಿಯುವವರೆಗೂ ದಿನಾ ಸಂಜೆ ಬೇಲಿಯ ಮೇಲಿಂದ ಬಗ್ಗಿ, ಸುಮಿತ್ರಕ್ಕ ದೇವರಿಗೆ ದೀಪ ಹಚ್ಚುವ ಹೊತ್ತು ನೋಡಿ, ಅವರ ಗಿಡಕ್ಕೂ ಒಂದು ಕೊಡ ಹೊಯ್ದೆ.