ಬೊಬ್ಬಿಲಿ ಯುದ್ಧದಲ್ಲಿ ಒಬ್ಬ ಕನ್ನಡಿಗ

ಹೆಂಡತಿಯ ಮಾತು ಕೇಳಿ ಕೆಟ್ಟವರಿದ್ದಾರೆ, ಕೇಳದೆ ಕೆಟ್ಟವರೂ ಇದ್ದಾರೆ. ನಾನು ಎರಡನೆಯ ಪಂಗಡದ ಖಾಯಂ ಸದಸ್ಯ. ಬ್ಯಾಂಕಿನ ಕೃಪೆಯಿಂದ ವಿಜಯವಾಡಕ್ಕೆ ಬಂದು ವರ್ಷಗಳಾಗಿದ್ದವು. ಒಂದು ದಿನ ಮಗಳು ಧನ್ಯಾ ಮೈಸೂರಿನ ಅಜ್ಜಿಗೆ ಫೋನಿನಲ್ಲಿ, ಚೆನ್ನಾಗಿದ್ದೀರಾ ಎನ್ನುವ ಬದಲು, "ಬಾಗುನ್ನಾರಾ?" ಎಂದಳು. ಅಜ್ಜಿ "ಯಾರ ಮನೆ ಬಾಗಿಲಮ್ಮ?" ಎಂದರು. ನಾನು ಮೈಸೂರಿಗೆ ವರ್ಗ ಮಾಡಿಸಿಕೊಳ್ಳದಿದ್ದರೆ ಮಗಳನ್ನು ಕರೆದುಕೊಂಡು ತಾನೇ ಹೊರಟುಬಿಡುವುದಾಗಿ ನನ್ನ ಹೆಂಡತಿ ಜಲಜಾ ಅಂದೇ ಘೋಷಿಸಿದಳು.

ವರ್ಗಾವಣೆಯ ವರಪ್ರದಾತರು ವಿಶಾಖಪಟ್ಟಣದ ದೊಡ್ಡ ಸಾಹೇಬರು, ಅಪ್ಪಲನಾಯ್ಡು ಗಾರು. ಇತಿಹಾಸವೆಂದರೆ ಅವರಿಗೆ ಪ್ರಾಣ, ಅದರಲ್ಲೂ ಬೊಬ್ಬಿಲಿ ಯುದ್ಧ. ಫ್ರೆಂಚರ ತೋಪುಗಳನ್ನು ಬೆನ್ನಿಗಿಟ್ಟುಕೊಂಡು ವಿಜಯನಗರದ ರಾಜ ಬೊಬ್ಬಿಲಿ ಕೋಟೆಯ ಮೇಲೆ ಬಿದ್ದ ಕಥೆ ಅದು. (ನಮ್ಮ ಹಂಪೆಯ ವಿಜಯನಗರವಲ್ಲ, ಸುಮ್ಮನೆ ಎದೆಯುಬ್ಬಿಸಬೇಡಿ.) ಪುಸ್ತಕವನ್ನೇ ಕಾಣಿಕೆ ಕೊಡೋಣವೆಂದೆ.

"ಒಂದು ಡಬ್ಬಿ ಪೂತರೇಕು ತಗೊಂಡ್ ಹೋಗೋಣ ರೀ," ಎಂದಳು ಜಲಜಾ. "ಸ್ವೀಟು ಯಾರ ಕಡೇನೂ ವಹಿಸಲ್ಲ."

ಇಂಥ ಪಾಮರ ಸಲಹೆಗೆ ಕಿವಿಗೊಡದೆ ಏಲೂರು ರಸ್ತೆಯ ಪುಸ್ತಕದಂಗಡಿಗೆ ದಂಡೆತ್ತಿ ಹೋದೆ. ತೆಲುಗು ಲಿಪಿ ನಮ್ಮದರ ತಂಗಿಯಂತಿದೆ, ಭಾಷೆಯಂತೂ ನನಗೆ ನೀರು ಕುಡಿದಷ್ಟು ಸುಲಭ (ಹಾಗೆಂದು ಊರೆಲ್ಲ ಹೇಳಿಕೊಂಡಿದ್ದೆ). ಆದರೆ ಒಂದು ಪುಸ್ತಕದಲ್ಲಿ ಬೊಬ್ಬಿಲಿಯವರು ಮಹಾವೀರರು, ಇನ್ನೊಂದರಲ್ಲಿ ಶುದ್ಧ ಜಗಳಗಂಟರು. ಯಾವುದನ್ನು ಕೊಳ್ಳುವುದು? ನಮ್ಮ ಗುಮಾಸ್ತ ಫಣಿಗೆ ಫೋನಾಯಿಸಿದೆ. ಸಾಹೇಬರ ಊರು ಬೊಬ್ಬಿಲಿ, ಅವರ ಮಾವನ ಮನೆ ವಿಜಯನಗರ ಎಂದು ಅವನು ಬೆಂಕಿಗೆ ತುಪ್ಪ ಸುರಿದ. ಕೊನೆಗೆ ಎರಡನ್ನೂ ಕೊಂಡೆ. ಗಂಡನಿಗೊಂದು, ಹೆಂಡತಿಗೊಂದು. ಅವರವರು ಹೊಡೆದಾಡಿಕೊಳ್ಳಲಿ.

ಭಾನುವಾರ ವಿಶಾಖಪಟ್ಟಣಕ್ಕೆ ಹೋದೆವು. ಪುಸ್ತಕ ನೋಡಿ ಸಾಹೇಬರ ಕಣ್ಣು ತುಂಬಿತು. ಕಾಫಿಯ ನಂತರ, ನಾನು ಮೊದಲೇ ಕಳಿಸಿದ್ದ ಅರ್ಜಿಯ ವಿಷಯಕ್ಕೆ ಅವರೇ ಬಂದರು.

"ಮೈಸೂರು ಟ್ರಾನ್ಸ್‌ಫರ್ ಮೀಕು ಅಂತ ಅವಸರಮಾ?"

ನಿಮಗೆ ಅಷ್ಟೊಂದು ಅವಸರವೇ ಎಂದು ಕೇಳುತ್ತಿದ್ದಾರೆ, ಎಂಥ ಸೌಜನ್ಯ! ಇಷ್ಟು ಚೆನ್ನಾಗಿ ಕೇಳಿದವರನ್ನು ಆತುರಪಡಿಸುವುದು ಕನ್ನಡಿಗರ ಲಕ್ಷಣವೇ? ಕೈಮುಗಿದು, ಅಚ್ಚ ತೆಲುಗಿನಲ್ಲಿ, "ಅಬ್ಬೇ, ಅವಸರಂ ಲೇದಂಡಿ," ಎಂದೆ. ಜಲಜಾ ನನ್ನ ತೊಡೆ ಚಿವುಟಿದಳು. ಮೆಚ್ಚುಗೆಯೆಂದು ತಿಳಿದು ಇನ್ನೊಮ್ಮೆ ಹೇಳಿದೆ.

ಸಾಹೇಬರು ಎದ್ದು ನನ್ನನ್ನು ಅಪ್ಪಿಕೊಂಡರು. ತಮ್ಮ ಮನೆಗೆ ಸ್ವಾರ್ಥವಿಲ್ಲದೆ ಬಂದ ಮೊದಲ ಅಧಿಕಾರಿ ನಾನಂತೆ.

ಆಟೋದಲ್ಲಿ ಜಲಜಾ ಹೊರಗೆ ನೋಡುತ್ತಾ ಹೇಳಿದಳು: "ಇವರಲ್ಲಿ ಅವಸರ ಅಂದ್ರೆ ಅಗತ್ಯ. ಮೈಸೂರು ಬೇಕಾ ಅಂತ ಕೇಳಿದ್ರು. ಬೇಡ ಅಂದ್ರಿ. ಎರಡು ಸಲ."

"ನಮ್ಮಲ್ಲಿ ಅವಸರ ಅಂದ್ರೆ..." ಎಂದು ಶುರು ಮಾಡಿದೆ. ಅವಳು ನನ್ನತ್ತ ತಿರುಗಿದಳು. ವಾಕ್ಯ ಅಲ್ಲೇ ಅಸುನೀಗಿತು.

ಆ ವಾರವೇ ವರ್ಗಾವಣೆಯ ಆದೇಶ ಬಂತು. ಯಾರೂ ಹೋಗಲೊಪ್ಪದೆ ಖಾಲಿ ಬಿದ್ದಿದ್ದ ಬೊಬ್ಬಿಲಿ ಶಾಖೆಗೆ, ಅದೂ "ಸ್ವಂತ ಕೋರಿಕೆಯ ಮೇರೆಗೆ" (ಎಂದರೆ, ಸಾಮಾನು ಸಾಗಿಸುವ ಖರ್ಚೂ ನನ್ನದೇ). ನಿಮ್ಮಂಥ ಅಭಿಮಾನಿಗೆ ನನ್ನ ಊರನ್ನೇ ಕೊಟ್ಟಿದ್ದೇನೆ ಎಂದು ಸಾಹೇಬರು ಫೋನಿನಲ್ಲಿ ಗದ್ಗದಿತರಾದರು.

ಜಲಜಾ ಮೈಸೂರಿಗೇನೂ ಹೋಗಲಿಲ್ಲ, ನನ್ನ ಜೊತೆಯಲ್ಲೇ ಬಂದಳು. ಆದರೆ ಈಗ ನನ್ನೊಡನೆ ಬರೀ ತೆಲುಗಿನಲ್ಲಿ ಮಾತಾಡುತ್ತಾಳೆ, ಒಂದು ಪದಕ್ಕೂ ಅರ್ಥ ಹೇಳುವುದಿಲ್ಲ.